ಗಿಡ ನೆಡುವುದಕ್ಕೂ ಪದವಿ ಬೇಕೇ?

ಪ್ರಶ್ನೆ: ನಾನು ಸಸ್ಯಶಾಸ್ತ್ರ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ಅಳಿವಿನಂಚಿನ ಸಸ್ಯಗಳನ್ನು ಉಳಿಸುವ, ಹಾಳಾದ ಕಾಡು, ಹುಲ್ಲುಗಾವಲುಗಳು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವ ಕೆಲಸವನ್ನೇ ವೃತ್ತಿಯಾಗಿ ಹಿಡಿಯುವ ಆಸೆಯಿದೆ. ದಿನನಿತ್ಯದ ಕೆಲಸ ನಿಜಕ್ಕೂ ಹೇಗಿರುತ್ತದೆ? ಮುಂದೆ ಏನು ಓದಬೇಕು? ಪಿಎಚ್‌.ಡಿ. ಇಲ್ಲದೆ ಆಗುವುದೇ ಇಲ್ಲವೇ? ಇದರಿಂದ ಜೀವನ ನಡೆಯುತ್ತದೆಯೇ? ಮನೆಯಲ್ಲಂತೂ "ಗಿಡ ನೆಡುವುದಕ್ಕೂ ಪದವಿ ಬೇಕೇ?" ಎಂದು ಕೇಳುತ್ತಾರೆ.

ಉತ್ತರ: ನೀವು ಬರೆದ ಪ್ರಶ್ನೆಗಳಲ್ಲೆಲ್ಲ ಮನೆಯವರದ್ದೇ ಚುರುಕಾಗಿದೆ. ಅಲ್ಲಿಂದಲೇ ಹೊರಡೋಣ. ಗುಂಡಿ ತೋಡಿ ಸಸಿ ಇಡಲು ಪದವಿ ಬೇಕಿಲ್ಲ. ಯಾವ ನೆಲದಲ್ಲಿ ಗುಂಡಿಯನ್ನೇ ತೋಡಬಾರದು, ಯಾವ ಸಸಿ ಆ ನೆಲದ್ದಲ್ಲ, ನೆಟ್ಟದ್ದು ಹತ್ತು ವರ್ಷಗಳ ಮೇಲೆ ಏನಾಯಿತು ಎಂಬುದನ್ನು ಆಧಾರ ಸಹಿತ ಹೇಳಲು ಕಲಿಕೆ ಬೇಕು. ಈ ವೃತ್ತಿ ನಿಂತಿರುವುದು ಅದರ ಮೇಲೆ. ಗಿಡ ನೆಡುವ ಉತ್ಸಾಹಕ್ಕೆ ಜಗತ್ತಿನಲ್ಲಿ ಬರವಿಲ್ಲ. ಗಿಡವನ್ನು ಗುರುತಿಸುವ ಕಣ್ಣಿಗೂ, ನೆಟ್ಟ ಮೇಲೆ ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗುವ ಕಾಲಿಗೂ ಬರವಿದೆ.

2011ರಲ್ಲಿ ಶುರುವಾದ ಬಾನ್ ಚಾಲೆಂಜ್ ಎಂಬ ಜಾಗತಿಕ ಯೋಜನೆಯ ಗುರಿ 2030ರ ಹೊತ್ತಿಗೆ 35 ಕೋಟಿ ಹೆಕ್ಟೇರ್ ನೆಲದ ಪುನಶ್ಚೇತನ. ದೇಶಗಳು ಒಂದಕ್ಕಿಂತ ಒಂದು ಮುಂದಾಗಿ ಮಾತು ಕೊಟ್ಟವು. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ ಆ ಮಾತುಗಳನ್ನು ಬಿಡಿಸಿ ನೋಡಿತು. ಭರವಸೆ ಕೊಟ್ಟ ನೆಲದ ಸುಮಾರು ಶೇ. 45ರಷ್ಟು ಭಾಗ ವಾಣಿಜ್ಯ ನೆಡುತೋಪುಗಳಿಗೆ ಮೀಸಲಾಗಿತ್ತು! ಕೆಲವೇ ವರ್ಷಗಳಲ್ಲಿ ಕಡಿದು ಮಾರುವ ತೋಪನ್ನು ಕಾಡಿನ ಲೆಕ್ಕಕ್ಕೆ ಬರೆದುಕೊಂಡರೆ ಕಾಗದದ ಮೇಲೆ ಗುರಿ ಮುಟ್ಟಬಹುದು, ಅಷ್ಟೆ.

ಇದಕ್ಕಿಂತ ಕೆಟ್ಟದ್ದು ಹುಲ್ಲುಗಾವಲಿನ ತುಂಬ ಮರ ತುರುಕುವುದು. ಮರವಿಲ್ಲದ ನೆಲವೆಲ್ಲ ಹಾಳುನೆಲ ಎಂಬ ನಂಬಿಕೆ ಬಹಳ ಹಳೆಯದು, ಬಹಳ ಗಟ್ಟಿ. ಆಫ್ರಿಕದ ಸವನ್ನಾ, ಬ್ರೆಜಿಲ್‌ನ ಸೆರಾಡೊ, ನೀಲಗಿರಿಯ ನೆತ್ತಿಯ ಮೇಲೆ ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲು ಇವೆಲ್ಲ ಕಡಿದು ಬೋಳಾದ ಕಾಡುಗಳಲ್ಲ. ಸಾವಿರಾರು ವರ್ಷಗಳಿಂದ ಹುಲ್ಲುಗಾವಲಾಗಿಯೇ ಇರುವ ನೆಲಗಳು. ನೀಲಗಿರಿಯಲ್ಲಿ ಹೊರದೇಶದ ಮರಗಳಾದ ವಾಟಲ್, ಯೂಕಲಿಪ್ಟಸ್, ಪೈನ್ ನೆಟ್ಟು ಆ ಹುಲ್ಲನ್ನು ಮುಚ್ಚಿದರು. ಅಂಥ ಕಡೆ ಪುನಶ್ಚೇತನವೆಂದರೆ ನೆಟ್ಟ ಮರವನ್ನು ತೆಗೆಯುವ ಕೆಲಸ. ದಕ್ಷಿಣ ಆಫ್ರಿಕದಲ್ಲಿ 1995ರಿಂದ ನಡೆಯುತ್ತಿರುವ 'ವರ್ಕಿಂಗ್ ಫಾರ್ ವಾಟರ್' ಎಂಬ ಸರ್ಕಾರಿ ಕಾರ್ಯಕ್ರಮ ನೀರು ಹೀರುವ ಹೊರದೇಶದ ಮರಗಳನ್ನು ಕಡಿಯುವುದಕ್ಕೆಂದೇ ಸಾವಿರಾರು ಜನರಿಗೆ ಉದ್ಯೋಗ ಕೊಟ್ಟಿದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಬೊರೇಟಂ ಎಂಬ ಸಸ್ಯೋದ್ಯಾನದಲ್ಲಿ ಕರ್ಟಿಸ್ ಪ್ರೇರಿ ಎಂಬ ಹುಲ್ಲುಗಾವಲಿದೆ. ಹಿಂದೆ ಅದು ಉತ್ತ ಹೊಲ. 1930ರ ದಶಕದಲ್ಲಿ ಅಲ್ಲಿ ಪ್ರೇರಿಯನ್ನು ಮರಳಿ ತರಲು ಹೊರಟರು. ಬೀಜ ಚೆಲ್ಲಿದರು, ಬೇರೆಡೆಯಿಂದ ಹುಲ್ಲಿನ ಹೆಂಟೆಗಳನ್ನೇ ಕಿತ್ತು ತಂದಿಟ್ಟರು. ಅಷ್ಟಕ್ಕೇ ಪ್ರೇರಿ ನಿಲ್ಲಲಿಲ್ಲ. ಸಸ್ಯಶಾಸ್ತ್ರಜ್ಞ ಜಾನ್ ಕರ್ಟಿಸ್ 1940ರ ದಶಕದಲ್ಲಿ ಅಲ್ಲಿ ನಡೆಸಿದ ಪ್ರಯೋಗಗಳು ಆ ಹುಲ್ಲುಗಾವಲಿಗೆ ಬೆಂಕಿ ಬೇಕು ಎಂದು ತೋರಿಸಿಕೊಟ್ಟವು. ಕಾಲಕಾಲಕ್ಕೆ ಹತೋಟಿಯಲ್ಲಿಟ್ಟು ಸುಡುವುದು ಇಂದಿಗೂ ಅಲ್ಲಿನ ನಿರ್ವಹಣೆಯ ಭಾಗ. ಸುಡುವುದೂ ಸಂರಕ್ಷಣೆಯೇ ಎಂದು ಮನೆಯಲ್ಲಿ ಹೇಳಿ ನೋಡಿ, ಮುಂದಿನ ಪ್ರಶ್ನೆ ಇನ್ನೂ ಚುರುಕಾಗಿ ಬರುತ್ತದೆ.

ಇನ್ನು ದಿನನಿತ್ಯದ ಕೆಲಸಕ್ಕೆ ಬರುತ್ತೇನೆ. ಛಾಯಾಚಿತ್ರಗಳಲ್ಲಿ ಕಾಣುವಂತೆ ಸದಾ ಬೆಟ್ಟದ ಮೇಲೆ ನಿಂತಿರುವುದಿಲ್ಲ. ಹೊರಗಿನ ಕೆಲಸದ ಬಹುಪಾಲು ಮಂಡಿಯೂರಿ ಮಾಡುವಂಥದ್ದು. ಒಂದು ಮೀಟರಿನ ಚೌಕಟ್ಟನ್ನು ನೆಲದ ಮೇಲಿಟ್ಟು ಅದರೊಳಗೆ ಯಾವ ಯಾವ ಸಸ್ಯ, ಎಷ್ಟೆಷ್ಟು ಎಂದು ಎಣಿಸಬೇಕು. ಎರಡೆಲೆಯ ಮೊಳಕೆ ಯಾವ ಮರದ್ದು ಎಂದು ಹೇಳಬೇಕು. ಸಸಿಯ ಎತ್ತರ, ಬುಡದ ಸುತ್ತಳತೆ ಬರೆದುಕೊಳ್ಳಬೇಕು. ಬಿಸಿಲು, ಮಳೆ, ಉಣ್ಣೆಹುಳ ಎಲ್ಲ ಇದ್ದದ್ದೇ. ಅಲ್ಲಿಂದ ಬಂದ ಮೇಲೆ ಅದಕ್ಕಿಂತ ದೀರ್ಘವಾದ ಇನ್ನೊಂದು ಕೆಲಸ ಕಾದಿರುತ್ತದೆ: ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು, ಪರವಾನಗಿಗೆ ಅರ್ಜಿ ಬರೆಯುವುದು, ಹಣ ಕೊಟ್ಟವರಿಗೆ ವರದಿ ಒಪ್ಪಿಸುವುದು. ಹೊರಗೆ ತಿರುಗುವ ಆಸೆಯಿಂದಷ್ಟೇ ಬಂದವರು ಈ ಎರಡನೆಯ ಭಾಗದಲ್ಲಿ ಸೋಲುತ್ತಾರೆ.

ಸಸ್ಯ ಗುರುತಿಸುವುದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅದೇನು, ಈಗ ಮೊಬೈಲ್ ಆ್ಯಪ್ ಇದೆಯಲ್ಲ ಎನ್ನಬಹುದು. ಹೂ ಬಿಟ್ಟ ಸಾಮಾನ್ಯ ಗಿಡಕ್ಕೆ ಆ್ಯಪ್ ಸಾಕು. ಹೂವಿಲ್ಲದ ಹುಲ್ಲು, ಜೇಕು, ಎಲೆ ಉದುರಿದ ಮರ, ಆಗಷ್ಟೇ ತಲೆಯೆತ್ತಿದ ಮೊಳಕೆ ಎದುರಾದಾಗ ಅದು ತಡವರಿಸುತ್ತದೆ. ನಮ್ಮ ಕೆಲಸ ಇರುವುದೇ ಇವುಗಳ ಜೊತೆ. ಹೆಸರು ತಪ್ಪಿದರೆ ಅದರ ಮೇಲೆ ಕಟ್ಟಿದ್ದೆಲ್ಲವೂ ತಪ್ಪುತ್ತದೆ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಒಂದು ಸಸ್ಯವನ್ನು 'ತೀವ್ರ ಅಪಾಯದಲ್ಲಿದೆ' ಎಂದು ಬರೆಯಬೇಕಾದರೆ ಅದರ ಸಂಖ್ಯೆ, ಹರಡಿರುವ ವಿಸ್ತಾರ, ಕುಸಿಯುತ್ತಿರುವ ವೇಗ ಇಂಥದ್ದೇನಾದರೂ ಗೊತ್ತಿರಬೇಕು. ಎಣಿಸುವವರಿಗೆ ಗಿಡವೇ ಗೊತ್ತಿಲ್ಲದಿದ್ದರೆ ಆ ಅಂಕಿ ಎಲ್ಲಿಂದ ಬರುತ್ತದೆ? ಸಸ್ಯೋದ್ಯಾನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಬಿಜಿಸಿಐ 2021ರಲ್ಲಿ ಪ್ರಕಟಿಸಿದ ವರದಿ ಜಗತ್ತಿನ ಸುಮಾರು 60,000 ಮರ ಪ್ರಭೇದಗಳಲ್ಲಿ ಶೇ. 30ರಷ್ಟು ಅಳಿವಿನ ಅಪಾಯದಲ್ಲಿವೆ ಎಂದಿತು. ಆ ಒಂದು ಅಂಕಿಯ ಹಿಂದೆ, ಒಣಗಿಸಿದ ಸಸ್ಯಗಳ ಸಂಗ್ರಹಾಲಯಗಳಾದ ಹರ್ಬೇರಿಯಂಗಳಲ್ಲಿ ಒಣಗಿದ ರೆಂಬೆಗಳನ್ನು ತಿರುವಿ ಹಾಕಿದ ಎಷ್ಟೋ ತಜ್ಞರ ದುಡಿಮೆಯಿದೆ. ಅಂದ ಹಾಗೆ, ಹರ್ಬೇರಿಯಂ ಎಂದರೆ ಧೂಳು ಹಿಡಿದ ಉಗ್ರಾಣ ಎಂದುಕೊಳ್ಳಬೇಡಿ. ಇನ್ನೂ ಹೆಸರಿಡಬೇಕಾದ ಹೂಬಿಡುವ ಸಸ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈಗಾಗಲೇ ಸಂಗ್ರಹವಾಗಿ ಹರ್ಬೇರಿಯಂಗಳಲ್ಲೇ ಕುಳಿತಿರಬಹುದು ಎಂಬುದು 2010ರ ಒಂದು ಅಧ್ಯಯನದ ಅಂದಾಜು.

ಆಸ್ಟ್ರೇಲಿಯದ ವೊಲೆಮಿ ಪೈನ್ ನಿಮಗೆ ಗೊತ್ತಿರಬಹುದು. 1994ರಲ್ಲಿ ಡೇವಿಡ್ ನೋಬಲ್ ಎಂಬ ರಾಷ್ಟ್ರೀಯ ಉದ್ಯಾನದ ಅಧಿಕಾರಿ ಸಿಡ್ನಿಯ ವಾಯವ್ಯಕ್ಕಿರುವ ಕಡಿದಾದ ಕಣಿವೆಯೊಂದಕ್ಕೆ ಇಳಿದಾಗ ಅದನ್ನು ಕಂಡರು. ಅಲ್ಲಿಯವರೆಗೆ ಅಂಥ ಮರಗಳು ವಿಜ್ಞಾನಕ್ಕೆ ಪರಿಚಯವಿದ್ದದ್ದು ಪಳೆಯುಳಿಕೆಗಳ ಮೂಲಕ ಮಾತ್ರ. 'ಇದು ನನಗೆ ಗೊತ್ತಿರುವ ಮರವಲ್ಲ' ಎಂದು ನಿಂತು ನೋಡಬೇಕಾದರೆ ಗೊತ್ತಿರುವ ಮರಗಳು ಚೆನ್ನಾಗಿ ಗೊತ್ತಿರಬೇಕು. ಕಾಡಿನಲ್ಲಿರುವ ಬೆಳೆದ ಮರಗಳ ಸಂಖ್ಯೆ ನೂರಕ್ಕಿಂತ ಕಡಿಮೆ. ಜಾಗವನ್ನು ಗುಟ್ಟಾಗಿಟ್ಟಿದ್ದಾರೆ. ಕಳ್ಳರ ಭಯವಷ್ಟೇ ಅಲ್ಲ, ನೋಡಲು ಬಂದವರ ಬೂಟಿನ ಮಣ್ಣಿನಲ್ಲಿ ಬೇರು ಕೊಳೆಸುವ ಫೈಟಾಫ್ತೊರಾ ರೋಗಾಣು ಬರುತ್ತದೆ ಎಂಬ ಭಯ. ಈ ವೃತ್ತಿಯಲ್ಲಿ ಬೂಟು ತೊಳೆಯುವುದೂ ವಿಜ್ಞಾನವೇ.

ಉಳಿಸಿಡುವ ಕೆಲಸದ ಹೃದಯ ಬೀಜ. ಬ್ರಿಟನ್ನಿನ ವೇಕ್‌ಹರ್ಸ್ಟ್‌ನಲ್ಲಿ ಕ್ಯೂ ಸಸ್ಯೋದ್ಯಾನ ನಡೆಸುವ ಮಿಲೇನಿಯಂ ಸೀಡ್ ಬ್ಯಾಂಕ್‌ನಲ್ಲಿ ಸುಮಾರು 40,000 ಕಾಡುಸಸ್ಯ ಪ್ರಭೇದಗಳ ಬೀಜಗಳಿವೆ. ವಿಧಾನ ಕೇಳಲು ಸರಳ: ಶೇ. 15ರಷ್ಟು ಆರ್ದ್ರತೆಯ ತಣ್ಣನೆಯ ಕೋಣೆಯಲ್ಲಿ ಬೀಜವನ್ನು ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಇಡುವುದು. ಕಷ್ಟವೆಲ್ಲ ಅದಕ್ಕೆ ಮೊದಲು ಮತ್ತು ಅನಂತರ. ಸಂಗ್ರಹಿಸುವಾಗ ಆ ದಿನ ಸಿಗುವ ಮಾಗಿದ ಬೀಜದಲ್ಲಿ ಶೇ. 20ಕ್ಕಿಂತ ಹೆಚ್ಚು ತೆಗೆಯಬಾರದು, ಸಾಧ್ಯವಾದರೆ ಕನಿಷ್ಠ 50 ಬೇರೆ ಬೇರೆ ಗಿಡಗಳಿಂದ ಆರಿಸಬೇಕು ಎಂಬುದು ಬಳಕೆಯಲ್ಲಿರುವ ನಿಯಮ. ಕೈಗೆ ಎಟುಕುವ, ಕಾಯಿ ಜೋತುಬಿದ್ದ ಒಂದೇ ಗಿಡದಿಂದ ಚೀಲ ತುಂಬಿಸಿಕೊಂಡು ಬಂದರೆ ಸಂಖ್ಯೆ ಸಿಗುತ್ತದೆ, ತಳಿವೈವಿಧ್ಯ ಸಿಗುವುದಿಲ್ಲ. ತಳಿವೈವಿಧ್ಯ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಎನ್ಸೆಫಲಾರ್ಟಸ್ ವುಡಿಯೈ ಎಂಬ ಸೈಕಾಡ್ (ತಾಳೆಯಂತೆ ಕಾಣುವ, ಬಹಳ ಪುರಾತನ ವಂಶದ ಸಸ್ಯ) ಇದೆ. 1895ರಲ್ಲಿ ದಕ್ಷಿಣ ಆಫ್ರಿಕದ ಎನ್‌ಗೊಯೆ ಕಾಡಿನಲ್ಲಿ ಅದರ ಒಂದೇ ಗಂಡು ಗಿಡ ಸಿಕ್ಕಿತು. ಇಂದು ಅನೇಕ ಸಸ್ಯೋದ್ಯಾನಗಳಲ್ಲಿ ಇರುವುದೆಲ್ಲ ಅದರದ್ದೇ ಪ್ರತಿರೂಪಗಳು, ಎಲ್ಲವೂ ಗಂಡು. ಹೆಣ್ಣು ಗಿಡ ಇದುವರೆಗೆ ಸಿಕ್ಕಿಲ್ಲ. ಗಿಡಗಳಿವೆ, ಆದರೆ ಅದಕ್ಕೆ ತನ್ನದೇ ಬೀಜವಿಲ್ಲ.

ಒಣಗಿಸಿದರೆ ಸಾಯುವ ಬೀಜಗಳದ್ದು ಇನ್ನೊಂದು ಕಥೆ. ಓಕ್, ಮಾವು, ಮಳೆಕಾಡಿನ ಎಷ್ಟೋ ಮರಗಳ ಬೀಜಗಳು ನೀರು ಕಳೆದುಕೊಂಡರೆ ಮೊಳೆಯುವುದಿಲ್ಲ. ಫ್ರೀಜರ್ ಅವುಗಳಿಗೆ ಆಗಿಬರುವುದಿಲ್ಲ. ಬೀಜದೊಳಗಿನ ಭ್ರೂಣವನ್ನಷ್ಟೇ ಬಿಡಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಡುವ ತಂತ್ರವನ್ನು ಪ್ರಭೇದದಿಂದ ಪ್ರಭೇದಕ್ಕೆ ಹೊಸದಾಗಿ ರೂಪಿಸಬೇಕಾಗುತ್ತದೆ. ಪ್ರಯೋಗಾಲಯದ ಕೆಲಸ ನಿಮಗೆ ಇಷ್ಟವಾದರೆ ಇಲ್ಲಿ ಮಾಡುವುದು ಬೆಟ್ಟದಷ್ಟಿದೆ.

ಇಟ್ಟ ಬೀಜವನ್ನು ಎಬ್ಬಿಸುವುದಂತೂ ಬೇರೆಯೇ ವಿದ್ಯೆ. ಕಾಡುಬೀಜ ಹೊಲದ ಬೀಜದಂತೆ ನೀರು ಕಂಡೊಡನೆ ಮೊಳೆಯುವುದಿಲ್ಲ. ಕೆಲವಕ್ಕೆ ಚಳಿ ಬೇಕು, ಕೆಲವಕ್ಕೆ ಸಿಪ್ಪೆ ಗೀರಬೇಕು, ಕೆಲವಕ್ಕೆ ಹಕ್ಕಿಯ ಹೊಟ್ಟೆ ಹಾದು ಬರಬೇಕು. ದಕ್ಷಿಣ ಆಫ್ರಿಕದ ಫೈನ್‌ಬಾಸ್ ಎಂಬ ಕುರುಚಲು ಪೊದೆನೆಲದ ಸಸ್ಯಗಳಲ್ಲಿ ಕೆಲವಕ್ಕೆ ಬೇಕಾಗಿರುವುದು ಬೆಂಕಿಯ ಶಾಖವಲ್ಲ, ಹೊಗೆ ಎಂಬುದು 1990ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಹೊಗೆಯಲ್ಲಿರುವ, ಬೀಜವನ್ನು ಎಬ್ಬಿಸುವ ರಾಸಾಯನಿಕವನ್ನು ಗುರುತಿಸಿದ್ದು 2004ರಲ್ಲಿ. ಈಗ ನರ್ಸರಿಗಳಲ್ಲಿ ಹೊಗೆ ಹಾಯಿಸಿದ ನೀರಿನಲ್ಲಿ ಬೀಜ ನೆನೆಸುತ್ತಾರೆ. ನಿಮ್ಮ ಸುತ್ತಲಿನ ಎಷ್ಟು ಕಾಡುಗಿಡಗಳ ಬೀಜ ಹೇಗೆ ಮೊಳೆಯುತ್ತದೆ ಎಂಬ ಬರಹ ರೂಪದ ಮಾಹಿತಿ ಇದೆ ಎಂದು ಒಮ್ಮೆ ಹುಡುಕಿ ನೋಡಿ. ಖಾಲಿ ಜಾಗ ಕಂಡಲ್ಲೆಲ್ಲ ಒಂದೊಂದು ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯವಿದೆ.

ಈ ವೃತ್ತಿಯ ಅತ್ಯಂತ ದುರ್ಬಲ ಕೊಂಡಿ ಗಿಡವನ್ನು ಅದರ ನೆಲಕ್ಕೆ ಮರಳಿಸುವಲ್ಲಿದೆ. ಹಲವು ದೇಶಗಳಲ್ಲಿ ನಡೆದ ಇಂಥ ಮರುಪರಿಚಯದ ಪ್ರಯತ್ನಗಳನ್ನು 2011ರ ಒಂದು ವಿಶ್ಲೇಷಣೆ ಒಟ್ಟಿಗೆ ಇಟ್ಟು ನೋಡಿತು. ಸರಾಸರಿ ಶೇ. 52ರಷ್ಟು ಗಿಡಗಳು ಬದುಕಿದ್ದವು, ಶೇ. 19ರಷ್ಟು ಹೂಬಿಟ್ಟವು, ಶೇ. 16ರಷ್ಟು ಕಾಯಿ ಕಟ್ಟಿದವು. ಬದುಕಿದ್ದನ್ನು ಮಾತ್ರ ಎಣಿಸಿದವರು ಅರ್ಧ ಗೆದ್ದೆವು ಎಂದುಕೊಂಡರು; ಮುಂದಿನ ತಲೆಮಾರಿನ ಲೆಕ್ಕದಲ್ಲಿ ನೋಡಿದರೆ ಚಿತ್ರವೇ ಬೇರೆ. ವರ್ಷ ಕಳೆದಂತೆ ಯಶಸ್ಸು ಇಳಿಯುತ್ತದೆ, ಅಷ್ಟು ಕಾಲ ಗಮನಿಸುವವರೂ ಕಡಿಮೆ ಎಂಬುದನ್ನೂ ಅದೇ ವಿಶ್ಲೇಷಣೆ ಹೇಳಿತು. ಇದಕ್ಕೆ ಕಾರಣ ಸೋಮಾರಿತನವಲ್ಲ, ಹಣ ಹರಿಯುವ ರೀತಿ. ಯೋಜನೆಗಳಿಗೆ ಹಣ ಬರುವುದು ಹೆಚ್ಚಾಗಿ ಎರಡು ಮೂರು ವರ್ಷಕ್ಕೆ. ಮರ ಕಾಯಿ ಬಿಡಲು ಹದಿನೈದು ವರ್ಷ ಬೇಕಾಗಬಹುದು. ನೆಟ್ಟ ದಿನ ಎಲ್ಲರೂ ಇರುತ್ತಾರೆ. ಹತ್ತನೆಯ ವರ್ಷದ ಅಳತೆಗೆ ಟೇಪು ಹಿಡಿಯಲು ಯಾರೂ ಇರುವುದಿಲ್ಲ.

ಹಾಗಿದ್ದೂ ಕೆಲವರು ಇದ್ದಾರೆ. ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಶುರುವಾದ ಕಾಡು ಪುನಶ್ಚೇತನ ಸಂಶೋಧನಾ ಘಟಕ ಸ್ಥಳೀಯ ಮರಗಳನ್ನು ಒಂದೊಂದಾಗಿ ಬೆಳೆಸಿ ನೋಡಿತು: ಯಾವುದು ಬೇಗ ನೆರಳು ಕೊಟ್ಟು ಕಳೆಯನ್ನು ಹತ್ತಿಕ್ಕುತ್ತದೆ, ಯಾವುದರ ಹಣ್ಣಿಗೆ ಹಕ್ಕಿ, ಬಾವಲಿಗಳು ಬರುತ್ತವೆ? ಅಂಥ ಇಪ್ಪತ್ತು ಮೂವತ್ತು ಪ್ರಭೇದಗಳನ್ನು ನೆಟ್ಟರೆ ಉಳಿದ ನೂರಾರನ್ನು ಪ್ರಾಣಿಗಳೇ ಹೊತ್ತು ತರುತ್ತವೆ ಎಂಬುದು ಅವರ ವಿಧಾನದ ತಿರುಳು. ಮೂಲ ಯೋಚನೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನದು. ಪಕ್ಕದಲ್ಲಿ ಒಳ್ಳೆಯ ಕಾಡು ಉಳಿದಿದ್ದರೆ ಮಾತ್ರ ಇದು ನಡೆಯುತ್ತದೆ. ಕಾಡು ತೀರಾ ಹತ್ತಿರವಿದ್ದು ಮಣ್ಣಿನಲ್ಲಿ ಬೇರು, ಬೀಜ ಉಳಿದಿದ್ದರೆ ನೆಡುವ ಅಗತ್ಯವೇ ಇರುವುದಿಲ್ಲ. ಬೇಲಿ ಹಾಕಿ, ಕಳೆ ತೆಗೆದು, ಸುಮ್ಮನಿರಬೇಕು. ಸುಮ್ಮನಿರುವ ಯೋಜನೆಗೆ ಹಣ ಕೇಳುವುದು ಬಹಳ ಕಷ್ಟದ ಕಲೆ, ಅದನ್ನೂ ಕಲಿಯಿರಿ.

ಜನರ ವಿಷಯವನ್ನು ಕೋರ್ಸುಗಳು ಸಾಮಾನ್ಯವಾಗಿ ಕೊನೆಯ ಅಧ್ಯಾಯಕ್ಕೆ ತಳ್ಳುತ್ತವೆ. ನೀವು ಪುನಶ್ಚೇತನಕ್ಕೆ ಆರಿಸುವ ನೆಲದಲ್ಲಿ ಯಾರೋ ದನ ಮೇಯಿಸುತ್ತಿರುತ್ತಾರೆ, ಯಾರೋ ಸೌದೆ ಆರಿಸುತ್ತಿರುತ್ತಾರೆ. ಅವರ ಒಪ್ಪಿಗೆಯಿಲ್ಲದ ಬೇಲಿ ಬಾಳುವುದಿಲ್ಲ. ಇನ್ನೊಂದು ಮಾತು: ಯಾವ ಮರ ಯಾವ ತಿಂಗಳು ಕಾಯಿ ಬಿಡುತ್ತದೆ, ಹಿಂದೆ ಇಲ್ಲಿ ಏನೇನಿತ್ತು ಎಂಬುದು ಎಷ್ಟೋ ಸಲ ಅವರಿಗೆ ಗೊತ್ತಿರುತ್ತದೆ, ಗ್ರಂಥಾಲಯಕ್ಕಲ್ಲ. ಅವರಿಂದ ತಿಳಿದದ್ದನ್ನು ಅವರ ಹೆಸರಿನಲ್ಲೇ ದಾಖಲಿಸಿ, ಅವರ ಸಮಯಕ್ಕೆ ಕೂಲಿ ಕೊಡಿ.

ಏನು ಓದಬೇಕು? ಸಸ್ಯಶಾಸ್ತ್ರದ ಮೇಲೆ ಪರಿಸರ ವಿಜ್ಞಾನದ ಅಥವಾ ಸಂರಕ್ಷಣಾ ಜೀವಶಾಸ್ತ್ರದ ಸ್ನಾತಕೋತ್ತರ ಪದವಿ ನೇರ ದಾರಿ. ಹೆಸರಿಗಿಂತ ಒಳಗೇನಿದೆ ಎಂದು ನೋಡಿ: ಹೊರಾಂಗಣ ಕೆಲಸದ ಅವಧಿ ಎಷ್ಟು, ಸಂಖ್ಯಾಶಾಸ್ತ್ರವನ್ನು ಗಂಭೀರವಾಗಿ ಕಲಿಸುತ್ತಾರೆಯೇ, ಮಣ್ಣಿನ ಬಗ್ಗೆ ಏನಾದರೂ ಇದೆಯೇ? ಮಣ್ಣು ತಿಳಿಯದ ಪುನಶ್ಚೇತನ ತಜ್ಞರು ಬೇಕಾದಷ್ಟಿದ್ದಾರೆ, ಇನ್ನೊಬ್ಬರು ಬೇಡ. 'ಆರ್' ಎಂಬ ಉಚಿತ ತಂತ್ರಾಂಶದಲ್ಲಿ ಅಂಕಿಗಳನ್ನು ವಿಶ್ಲೇಷಿಸುವುದು, ಜಿಐಎಸ್ ಎಂಬ ಭೂಮಾಹಿತಿ ತಂತ್ರಾಂಶದಲ್ಲಿ ನಕ್ಷೆ ಮಾಡುವುದು ಇವೆರಡು ಬಂದರೆ ಬಾಗಿಲುಗಳು ಬೇಗ ತೆರೆಯುತ್ತವೆ. ತೋಟಗಾರಿಕೆಯನ್ನು ಕೀಳಾಗಿ ಕಾಣುವ ಚಾಳಿ ನಮ್ಮ ವಿಜ್ಞಾನಿಗಳಲ್ಲಿದೆ. ಒಂದು ಋತುವಾದರೂ ಸ್ಥಳೀಯ ಸಸ್ಯಗಳ ನರ್ಸರಿಯಲ್ಲಿ ದುಡಿದವರಿಗೂ ದುಡಿಯದವರಿಗೂ ಇರುವ ಅಂತರ ನೆಲದ ಮೇಲೆ ಅರ್ಧ ಗಂಟೆಯಲ್ಲಿ ಕಾಣುತ್ತದೆ.

ಪಿಎಚ್‌.ಡಿ. ಕಡ್ಡಾಯವಲ್ಲ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಬೇಕು, ಸ್ವಂತ ಸಂಶೋಧನಾ ತಂಡ ಕಟ್ಟಬೇಕು ಎಂದಿದ್ದರೆ ಬೇಕೇಬೇಕು. ಯೋಜನೆ ನಡೆಸುವುದು, ಬೀಜ ಬ್ಯಾಂಕ್, ನರ್ಸರಿ ನಿರ್ವಹಣೆ, ಸಮೀಕ್ಷೆ, ಸಲಹಾ ಸಂಸ್ಥೆಯ ಕೆಲಸ ಇವಕ್ಕೆ ಸ್ನಾತಕೋತ್ತರ ಪದವಿ ಮತ್ತು ಕೈ ಅನುಭವ ಸಾಕು. ಬಿಡದೆ ಕಾಡುವ ಒಂದು ಪ್ರಶ್ನೆ ನಿಮ್ಮಲ್ಲಿ ಹುಟ್ಟಿದಾಗ ಪಿಎಚ್‌.ಡಿ.ಗೆ ಹೋಗಿ; ಬೇರೇನೂ ತೋಚದಿದ್ದಾಗ ಹೋಗಬೇಡಿ. ಸೊಸೈಟಿ ಫಾರ್ ಎಕಲಾಜಿಕಲ್ ರೆಸ್ಟೊರೇಶನ್ ಎಂಬ ಅಂತಾರಾಷ್ಟ್ರೀಯ ಸಂಘ ಈ ಕಸುಬಿನವರಿಗೆ ವೃತ್ತಿ ಪ್ರಮಾಣಪತ್ರ ಕೊಡುತ್ತದೆ. ಅದರ ಅಂತಾರಾಷ್ಟ್ರೀಯ ಮಾನದಂಡಗಳ ದಾಖಲೆಯ ಎರಡನೆಯ ಆವೃತ್ತಿ 2019ರಲ್ಲಿ ಬಂದಿದೆ, ಉಚಿತವಾಗಿ ಸಿಗುತ್ತದೆ. ಸಂದರ್ಶನಕ್ಕೆ ಹೋಗುವ ಮುನ್ನ ಓದಿಕೊಳ್ಳಿ.

ಜೀವನ ನಡೆಯುತ್ತದೆಯೇ? ನಡೆಯುತ್ತದೆ, ಆದರೆ ಏರುಪೇರು ಇರುತ್ತದೆ. ಮೊದಲ ಕೆಲವು ವರ್ಷ ಗುತ್ತಿಗೆಯ ಕೆಲಸಗಳೇ ಹೆಚ್ಚು. ಒಂದು ಯೋಜನೆ ಮುಗಿಯುವ ಮುನ್ನ ಇನ್ನೊಂದನ್ನು ಹುಡುಕಬೇಕು. ಇದನ್ನು ಮನೆಯವರಿಂದ ಮುಚ್ಚಿಡಬೇಡಿ. ಸಂಬಳದ ದೃಷ್ಟಿಯಿಂದ ಗಣಿ, ರಸ್ತೆ, ವಿದ್ಯುತ್ ಯೋಜನೆಗಳಿಗೆ ಸಲಹೆ ಕೊಡುವ ಸಂಸ್ಥೆಗಳು ಮುಂದಿವೆ. ಅಲ್ಲಿ ಮನಸ್ಸಾಕ್ಷಿಯ ತಿಕ್ಕಾಟ ಬರುತ್ತದೆ, ಆದರೆ ಗಣಿ ಮುಗಿದ ನೆಲಕ್ಕೆ ಮೇಲ್ಮಣ್ಣನ್ನು ಸರಿಯಾಗಿ ಮರಳಿ ಹರಡಿಸುವ ಒಬ್ಬ ತಿಳಿದವರು ಮಾಡುವ ಒಳಿತೂ ಸಣ್ಣದಲ್ಲ. ಬೇಡಿಕೆಯಂತೂ ಏರುತ್ತಿದೆ. 2021ರಿಂದ 2030ರ ದಶಕವನ್ನು ವಿಶ್ವಸಂಸ್ಥೆ ಪರಿಸರ ವ್ಯವಸ್ಥೆಗಳ ಪುನಶ್ಚೇತನಕ್ಕೆ ಮೀಸಲಿಟ್ಟಿದೆ. 2022ರ ಕುನ್ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದದ ಪ್ರಕಾರ 2030ರೊಳಗೆ ಹಾಳಾದ ನೆಲ, ಜಲದ ಶೇ. 30ರಷ್ಟು ಭಾಗದಲ್ಲಿ ಪುನಶ್ಚೇತನ ನಡೆಯುತ್ತಿರಬೇಕು. ಒಪ್ಪಿಕೊಂಡ ಸರ್ಕಾರಗಳಿಗೆ ಅಳೆದು ತೋರಿಸುವವರು ಬೇಕೇ ಬೇಕು.

ಪದವಿ ಮುಗಿಯುವವರೆಗೆ ಕಾಯದೆ ಈಗಲೇ ಮಾಡಬಹುದಾದದ್ದು ಹೇಳುತ್ತೇನೆ. ನಡೆದು ಹೋಗುವಷ್ಟು ದೂರದಲ್ಲಿ ಒಂದು ತುಂಡು ನೆಲ ಆರಿಸಿಕೊಳ್ಳಿ, ಪಾಳು ಜಾಗವಾದರೂ ಸರಿ. ಎಲ್ಲ ಋತುಗಳಲ್ಲೂ ಅಲ್ಲಿಗೆ ಹೋಗಿ ಅಲ್ಲಿರುವ ಪ್ರತಿ ಸಸ್ಯದ ಹೆಸರು, ಚಿಗುರು, ಹೂ, ಕಾಯಿಯ ಕಾಲ ಬರೆದಿಡಿ. ಗೊತ್ತಾಗದ್ದನ್ನು ಒತ್ತಿ ಒಣಗಿಸಿ ಹರ್ಬೇರಿಯಂಗೆ ಒಯ್ದು ಕೇಳಿ. ಉದ್ಯೋಗದ ಅರ್ಜಿಯ ಜೊತೆ ಆ ಪುಸ್ತಕದ ನಾಲ್ಕು ಪುಟ ಲಗತ್ತಿಸಿದರೆ 'ಪ್ರಕೃತಿಯ ಮೇಲೆ ಅಪಾರ ಪ್ರೀತಿ' ಎಂಬ ಸಾಲನ್ನು ಬರೆಯುವ ಅಗತ್ಯವೇ ಇರುವುದಿಲ್ಲ. ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯಶಾಸ್ತ್ರಜ್ಞ 1879ರಲ್ಲಿ ಬೀಜ ತುಂಬಿದ 20 ಬಾಟಲಿಗಳನ್ನು ಹೂತಿಟ್ಟು, ಮಣ್ಣಿನೊಳಗೆ ಬೀಜ ಎಷ್ಟು ಕಾಲ ಬದುಕುತ್ತದೆ ಎಂದು ನೋಡಹೊರಟರು. ಅವರ ನಂತರದವರು 2021ರಲ್ಲಿ ತೆಗೆದ ಬಾಟಲಿಯ ಕೆಲವು ಬೀಜಗಳೂ ಮೊಳೆತವು. ಮುಂದಿನದನ್ನು ತೆಗೆಯುವುದು 2040ರಲ್ಲಿ. ಅಷ್ಟು ಉದ್ದದ ತಾಳ್ಮೆಯನ್ನು ಯಾರೂ ನಿಮ್ಮಿಂದ ಕೇಳುವುದಿಲ್ಲ, ಒಂದು ವರ್ಷದ್ದು ಸಾಕು.

ಸಂದರ್ಶನದಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ಐದು ವರ್ಷಗಳ ಹಿಂದೆ ನೀವು ಕೆಲಸ ಮಾಡಿದ ಜಾಗದ ಈಗಿನ ದಾಖಲೆ ತೋರಿಸುವಿರಾ? ನೆಟ್ಟ ಸಸಿಗಳ ಸಂಖ್ಯೆಯನ್ನಷ್ಟೇ ಹೇಳಿ ಮಾತು ಮರೆಸಿದರೆ ಎಚ್ಚರದಿಂದಿರಿ. ಕಡತ ತೆಗೆದು ತೋರಿಸಿ, ಅದರಲ್ಲಿ ಸತ್ತ ಸಸಿಗಳ ಲೆಕ್ಕ, ಕೈಕೊಟ್ಟ ಜಾಗಗಳ ವಿವರವೂ ಇದ್ದರೆ, ಸಂಬಳ ತುಸು ಕಡಿಮೆಯಾದರೂ ಅಲ್ಲಿಗೇ ಸೇರಿಕೊಳ್ಳಿ.